ಮದುವೆಯಾಗಿ 33 ದಿನ, ಎಲ್ಲರೂ ನನ್ನ ಮೈಯಲ್ಲಿ ಏನೋ ಹುಡುಕುತ್ತಿದ್ದಾರೆ

ಹೊಸ ಸೊಸೆ

ನಮಸ್ಕಾರ. ನನಗೆ 27 ವರ್ಷ. ದಾವಣಗೆರೆ ಕಡೆಯವಳು, ಶಿವಮೊಗ್ಗಕ್ಕೆ ಕೊಟ್ಟಿದ್ದಾರೆ. ಇದನ್ನು ಅಮ್ಮನ ಹತ್ತಿರ ಕೇಳೋಕೆ ಬಾಯಿ ಬರಲ್ಲ. ಅಕ್ಕ ಇಲ್ಲ. ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಬರೀ ನಗುವ ಮುಖಗಳು ಬರುತ್ತವೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ನನಗೆ ರಕ್ತ ಬರಲಿಲ್ಲ. ಒಂದು ಹನಿಯೂ ಇಲ್ಲ. ನೋವು ಇತ್ತು, ಉರಿ ಇತ್ತು, ಅಷ್ಟೇ. ಮಾರನೇ ದಿನ ಬೆಳಗ್ಗೆ ಇವರ ದೊಡ್ಡಮ್ಮ ರೂಮಿಗೆ ಬಂದು, "ಹಾಸಿಗೆ ಬಟ್ಟೆ ಕೊಡಮ್ಮ, ಒಗೆಯೋಕೆ ಹಾಕ್ತೀನಿ" ಅಂದರು. ಮನೆಯಲ್ಲಿ ವಾಷಿಂಗ್ ಮಷೀನ್ ಇದೆ, ಕೆಲಸದವರೂ ಇದ್ದಾರೆ. ಆದರೂ ಅವರೇ ಬೆಡ್‌ಶೀಟ್ ತೆಗೆದು, ಕಿಟಕಿ ಬೆಳಕಿಗೆ ಅಗಲವಾಗಿ ಹಿಡಿದು, ಆಮೇಲೆ ನಿಧಾನಕ್ಕೆ ಮಡಚಿದರು. ನೀಲಿ ಹೂವಿನ ಬೆಡ್‌ಶೀಟ್ ಅದು. ಒಗೆಯೋ ಬಟ್ಟೆಯನ್ನು ಯಾರಾದರೂ ಮಡಚುತ್ತಾರಾ?

ಅದಾಗಿ ನಾಲ್ಕು ದಿನಕ್ಕೆ ಇವರು ಊಟ ಮಾಡುತ್ತಾ ಕೇಳಿದರು, "ನೀನು ಚಿಕ್ಕವಳಿದ್ದಾಗ ಸೈಕಲ್ ಜಾಸ್ತಿ ಹೊಡೀತಿದ್ದೆಯಾ?" ನಾನು ಪೆದ್ದಿ, ಖುಷಿಯಿಂದ ನನ್ನ ಕೆಂಪು ಲೇಡಿಬರ್ಡ್ ಸೈಕಲ್ ಕತೆಯೆಲ್ಲ ಹೇಳಿದೆ. ಚೈನ್ ಬಿದ್ದಿದ್ದು, ಮಂಡಿ ಕಿತ್ತಿದ್ದು, ಎಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಹೊಳೆಯಿತು ಯಾಕೆ ಕೇಳಿದರು ಅಂತ.

ಈಗ ನನ್ನ ಪ್ರಶ್ನೆಗಳು. ಎರಡು ದಿನದಿಂದ ಮೂತ್ರ ಮಾಡುವಾಗ ಉರಿ, ಪದೇ ಪದೇ ಹೋಗಬೇಕು ಅನಿಸುತ್ತೆ. ಮುಟ್ಟು 5 ದಿನ ತಡವಾಗಿದೆ. ಮೂರು ಕಿಲೋ ದಪ್ಪ ಆಗಿದ್ದೇನೆ. ಅತ್ತೆ ಮನೆಯವರು "ಮೈ ತುಂಬಿಕೊಂಡಿದ್ದಾಳೆ, ಮುಖಕ್ಕೆ ಕಳೆ ಬಂದಿದೆ" ಅಂತಾರೆ. ಕನ್ನಡಿಯಲ್ಲಿ ನೋಡಿದರೆ ನನಗೆ ನಾನೇ ಕಾಣಿಸುತ್ತೇನೆ. ಇನ್ನೊಂದು ವಿಷಯ, ಕೆಲವು ಸಲ ಎಲ್ಲ ಮುಗಿದ ಮೇಲೆ ಸುಮ್ನೆ ಅಳು ಬರುತ್ತೆ. ಬೇಜಾರು ಏನೂ ಇಲ್ಲ. ಇವರು ಒಳ್ಳೆಯವರೇ. ಆದರೂ ಬರುತ್ತೆ.

ಕುಡ್ಲದ ಮೀನು

ಅಯ್ಯೋ ಮಾರಾಯ್ತಿ, ಆ ದೊಡ್ಡಮ್ಮನ ಕೈಗೆ ಬೆಡ್‌ಶೀಟ್ ಯಾಕೆ ಕೊಟ್ಟದ್ದು ನೀವು!

ಹೊಸ ಸೊಸೆ

ಕೊಡಲಿಲ್ಲ. ಅವರೇ ಎಳೆದುಕೊಂಡರು. ನಾನು ತಲೆ ಬಾಚುತ್ತಾ ನಿಂತಿದ್ದೆ.

ಹುಬ್ಬಳ್ಳಿ ಡಾಕ್ಟರಕ್ಕ

ನಾನು ಹೆರಿಗೆ ಮತ್ತು ಸ್ತ್ರೀರೋಗದ ಡಾಕ್ಟರು. ಈ ಕೆಲಸಕ್ಕೆ ಬಂದು 19 ವರ್ಷ ಆಯಿತು. ನಿಮ್ಮ ಪ್ರಶ್ನೆಗಳು ವಾರಕ್ಕೆ ಮೂರು ಸಲವಾದರೂ ನನ್ನ ಮೇಜಿನ ಮುಂದೆ ಬರುತ್ತವೆ. ಹೆಚ್ಚಿನವರು "ಹೊಟ್ಟೆ ನೋವು" ಅಂತ ಶುರು ಮಾಡುತ್ತಾರೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿದ ಮೇಲೆ ನಿಜವಾದ ಮಾತು ಬರುತ್ತದೆ.

ಅರ್ಜೆಂಟ್ ಇರುವುದನ್ನು ಮೊದಲು ಹೇಳುತ್ತೇನೆ. ಉರಿಮೂತ್ರ. ಹೊಸದಾಗಿ ಮದುವೆಯಾದವರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಹನಿಮೂನ್ ಸಿಸ್ಟೈಟಿಸ್ ಅಂತಲೇ ಹೆಸರಿದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಅಷ್ಟೇ. ಮಲದ್ವಾರದ ಸುತ್ತ ಇರುವ ಇ-ಕೋಲೈ ಬ್ಯಾಕ್ಟೀರಿಯಾ ಕೂಡುವಾಗಿನ ತಿಕ್ಕಾಟದಲ್ಲಿ ಮುಂದಕ್ಕೆ ಬಂದು ಒಳಗೆ ಸೇರಿಕೊಳ್ಳುತ್ತವೆ. ಇದು ಕೊಳಕಿನಿಂದ ಬರುವ ರೋಗ ಅಲ್ಲ. ಗಂಡನಿಗೆ ಏನೋ ಕಾಯಿಲೆ ಇದೆ ಅಂತಲೂ ಅಲ್ಲ. ನಾಳೆಯೇ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ಆಂಟಿಬಯಾಟಿಕ್ ಕೊಟ್ಟರೆ ಪೂರ್ತಿ ಕೋರ್ಸ್ ಮುಗಿಸಿ. ಎರಡು ಮಾತ್ರೆಗೆ ಉರಿ ಹೋಯಿತು ಅಂತ ಬಿಡಬೇಡಿ. ಚಳಿಜ್ವರ, ಸೊಂಟದ ಮೇಲೆ ಪಕ್ಕೆ ನೋವು, ವಾಂತಿ ಇದ್ದರೆ ನಾಳೆ ತನಕ ಕಾಯಬೇಡಿ, ಸೋಂಕು ಕಿಡ್ನಿಗೆ ಏರಿರಬಹುದು. ಮುಂದೆ ಸಂಭೋಗ ಆದ ಮೇಲೆ ಎದ್ದು ಮೂತ್ರ ಮಾಡಿ ಬಂದು ಮಲಗಿ. ನೀರು ಜಾಸ್ತಿ ಕುಡಿಯಿರಿ.

ಇನ್ನು ಮುಟ್ಟಿನ ವಿಷಯ. ನನ್ನದೊಂದು ಪ್ರಶ್ನೆ. ಮದುವೆ ದಿನಕ್ಕೆ ಮುಟ್ಟು ಬರಬಾರದು ಅಂತ ಮಾತ್ರೆ ತಗೊಂಡಿದ್ದಿರಾ?

ಹೊಸ ಸೊಸೆ

ಹೌದು! ಮದುವೆ ದಿನವೇ ನನ್ನ ಡೇಟ್ ಇತ್ತು. ಮೂರು ದಿನ ಮುಂಚೆಯಿಂದ ದಿನಕ್ಕೆ ಮೂರು ಮಾತ್ರೆ ನುಂಗಿದೆ. ಮದುವೆಯಾಗಿ ನಾಲ್ಕನೇ ದಿನಕ್ಕೆ ಬಿಟ್ಟೆ. ಏಳನೇ ದಿನ ಮುಟ್ಟಾದೆ. ಆದರೆ ಅದು ಮಾತ್ರೆ ಬಿಟ್ಟಿದ್ದಕ್ಕೆ ಬಂದದ್ದು ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. ಹಳೇ ಡೇಟಿನಿಂದ 28 ದಿನ ಎಣಿಸಿದೆ.

ಹುಬ್ಬಳ್ಳಿ ಡಾಕ್ಟರಕ್ಕ

ನೋಡವ್ವಾ, ಅಲ್ಲೇ ತಪ್ಪಿದ್ದು. ಅದು ನಾರ್‌ಎಥಿಸ್ಟಿರೋನ್ ಅನ್ನೋ ಮಾತ್ರೆ. ನುಂಗುವ ತನಕ ಮುಟ್ಟನ್ನು ತಡೆದು ಹಿಡಿಯುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಬರುತ್ತದೆ. ಆ ಏಳನೇ ದಿನವೇ ನಿಮ್ಮ ಹೊಸ ಲೆಕ್ಕದ ಒಂದನೇ ದಿನ. ಅಲ್ಲಿಂದ 28 ಎಣಿಸಿದರೆ ಮದುವೆಯಾಗಿ 35ನೇ ದಿನ. ಇವತ್ತು 33. ತಡವೇ ಆಗಿಲ್ಲ!

ಇನ್ನೂ ಒಂದು ಮಾತು. ಆ ಮಾತ್ರೆ ಗರ್ಭ ತಡೆಯುವುದಕ್ಕೆ ಅಲ್ಲ. ಎಷ್ಟೋ ಹುಡುಗಿಯರು "ಮಾತ್ರೆ ತಗೊಂಡಿದ್ದೀನಲ್ಲ" ಅಂತ ಧೈರ್ಯವಾಗಿ ಇರುತ್ತಾರೆ. ಕಾಂಡೋಂ ಇಲ್ಲದೆ ಕೂಡಿದ್ದರೆ ಮುಟ್ಟಿನ ದಿನ ದಾಟಿದ ಮೇಲೆ ಗರ್ಭ ಪರೀಕ್ಷೆಯ ಕಿಟ್ ತಂದು ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಮುಟ್ಟಿನ ಲೆಕ್ಕವೇ ಸರಿ ಇಲ್ಲದವರು ಕೊನೆಯ ಸಲ ಕೂಡಿ 21 ದಿನ ಆದ ಮೇಲೆ ನೋಡಿದರೆ ಫಲಿತಾಂಶ ನಂಬಬಹುದು. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಹತ್ತಿರ ನಿಶ್ಚಯ್ ಅನ್ನೋ ಸರ್ಕಾರಿ ಕಿಟ್ ಸಿಗುತ್ತದೆ.

ರಕ್ತದ ವಿಷಯ ಸಂಜೆ ಬರೆಯುತ್ತೇನೆ. ಹೆರಿಗೆ ಕೇಸ್ ಬಂದಿದೆ.

ಸತ್ಯವಾದಿ

ಹಿರಿಯರು ಸುಮ್ನೆ ಹೇಳುವುದಿಲ್ಲ. ಅನುಭವಸ್ಥರು ಹೆಣ್ಣಿನ ನಡಿಗೆ ನೋಡಿಯೇ ಕನ್ಯೆ ಹೌದೋ ಅಲ್ಲವೋ ಹೇಳಿಬಿಡುತ್ತಾರೆ. ಸೊಂಟ ಅಗಲ ಆಗುತ್ತದೆ, ಎದೆ ಬೆಳೆಯುತ್ತದೆ. ಇದು ಪ್ರಕೃತಿ. ಇದನ್ನೆಲ್ಲ ಒಪ್ಪದೆ ಹೋದರೆ ಏನು ಮಾಡೋಕಾಗುತ್ತೆ.

ಪಿಜಿ ರೂಮ್ 204

ನಡಿಗೆ ನೋಡಿ ಹೇಳುವವರು ನಮ್ಮ ಪಿಜಿ ಮುಂದೆ ಒಂದು ಗಂಟೆ ನಿಂತು ನೋಡಲಿ. ನಲವತ್ತು ಹುಡುಗಿಯರು ಹೊರಗೆ ಬರುತ್ತಾರೆ. ಎಷ್ಟು ಸರಿ ಹೇಳುತ್ತಾರೆ ನೋಡೋಣ.

ಕಾವೇರಿ ದಂಡೆ

ನನಗೆ 61. ಮೈಸೂರಿನಲ್ಲಿ ಟೀಚರ್ ಆಗಿದ್ದೆ. ಮದುವೆಯಾದ ಹೊಸತರಲ್ಲಿ ನಾನೂ ದಪ್ಪಗಾದೆ. ಯಾಕೆ ಅಂತ ಆಗ ಗೊತ್ತಾಗಲಿಲ್ಲ, ಈಗ ಗೊತ್ತು. ಬೀಗರ ಊಟ, ಅವರ ಅಕ್ಕನ ಮನೆ ಊಟ, ಅವರ ಚಿಕ್ಕಪ್ಪನ ಮನೆ ಊಟ. ಎಲ್ಲ ಕಡೆ ಒಬ್ಬಟ್ಟು, ಮೇಲೆ ತುಪ್ಪ. ಹೊಸ ಸೊಸೆ ಬೇಡ ಅನ್ನುವ ಹಾಗಿಲ್ಲ. ಕಾಲೇಜಿಗೆ ನಡೆಯುತ್ತಿದ್ದವಳು ಒಂದು ತಿಂಗಳು ಸೋಫಾ ಮೇಲೆ ರೇಷ್ಮೆ ಸೀರೆ ಉಟ್ಟು ಕೂತಿದ್ದೆ. ಮೈ ತುಂಬದೆ ಇನ್ನೇನು? ಸೀರೆ ಬಿಟ್ಟು ಮತ್ತೆ ಕೆಲಸಕ್ಕೆ ಹೋದ ಮೇಲೆ ಆರು ತಿಂಗಳಿಗೆ ಇಳಿಯಿತು.

ಅದೇ ಊಟ ಅವರಿಗೂ ಹಾಕಿದ್ದರು. ಅವರಿಗೂ ಹೊಟ್ಟೆ ಬಂತು. ಅದನ್ನು ನೋಡಿ "ಕಳೆ ಬಂದಿದೆ" ಅಂತ ಯಾರೂ ಅನ್ನಲಿಲ್ಲ.

ಹುಬ್ಬಳ್ಳಿ ಡಾಕ್ಟರಕ್ಕ

ಬಂದೆ. ಹೆಣ್ಣು ಮಗು, ಎರಡು ಕಿಲೋ ಒಂಬೈನೂರು ಗ್ರಾಂ.

ಸತ್ಯವಾದಿಗಳೇ, ಸೊಂಟದ್ದು ಮೂಳೆ. ಸಂಭೋಗದಿಂದ ಮೂಳೆ ಅಗಲ ಆಗಲ್ಲ. ಆಸೆ ಕೆರಳಿದಾಗ ರಕ್ತ ಜಾಸ್ತಿ ಹರಿದು ಎದೆ ಸ್ವಲ್ಪ ಉಬ್ಬುತ್ತದೆ, ಮೊಲೆತೊಟ್ಟು ಗಟ್ಟಿಯಾಗುತ್ತದೆ, ಮುಖ ಕೆಂಪಾಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಮೊದಲಿನ ಹಾಗೇ. ಶಾಶ್ವತವಾಗಿ ಬೆಳೆಯುವುದು ವಯಸ್ಸಿಗೆ ಬರುವಾಗ, ಬಸುರಿಯಾದಾಗ, ಮೈತೂಕ ಏರಿದಾಗ. ಯೋನಿ "ಸಡಿಲ" ಆಗುತ್ತದೆ ಅನ್ನುವುದೂ ಸುಳ್ಳು. ಅದು ಸ್ನಾಯುವಿನ ಕೊಳವೆ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಮಗುವಿನ ತಲೆಯನ್ನೇ ಹೊರಗೆ ಬಿಟ್ಟು ಸುಧಾರಿಸಿಕೊಳ್ಳುವ ಅಂಗ ಅದು.

ಈಗ ರಕ್ತ. ಕನ್ಯಾಪೊರೆ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಡಬ್ಬದ ಬಾಯಿಗೆ ಕಟ್ಟಿದ ಪ್ಲಾಸ್ಟಿಕ್ ಹಾಗೆ ಅಲ್ಲಿ ಏನೋ ಬಿಗಿದಿದೆ, ಮೊದಲ ದಿನ ಅದು "ಹರಿಯುತ್ತದೆ" ಅಂತ ಜನ ಅಂದುಕೊಂಡಿದ್ದಾರೆ. ಹಾಗೆ ಮುಚ್ಚಿದ್ದರೆ ತಿಂಗಳು ತಿಂಗಳು ಮುಟ್ಟು ಹೊರಗೆ ಬರುವುದು ಹೇಗೆ? ಅದು ಯೋನಿಯ ಬಾಯಿಯ ಸುತ್ತ ಇರುವ ಮೆತ್ತನೆ ಮಡಿಕೆ. ನಡುವೆ ತೂತು ಹುಟ್ಟಿನಿಂದಲೇ ಇರುತ್ತದೆ. ಕೂದಲಿಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡ್ ನೋಡಿದ್ದೀರಲ್ಲ, ನೆರಿಗೆ ನೆರಿಗೆ ಇರುತ್ತದೆ, ಎಳೆದರೆ ಹಿಗ್ಗುತ್ತದೆ, ಹಾಗೆ. ಕೆಲವರಿಗೆ ಅಂಚಿನಲ್ಲಿ ಸಣ್ಣದಾಗಿ ಸೀಳಿ ಒಂದೆರಡು ಹನಿ ಬರುತ್ತದೆ, ಒಂದೆರಡು ದಿನಕ್ಕೆ ಮಾಯುತ್ತದೆ. ಬಹಳ ಜನಕ್ಕೆ ಬರುವುದೇ ಇಲ್ಲ. ಎರಡೂ ಸರಿ. ಇನ್ನೂ ಒಂದು ವಿಷಯ, ಬರುವ ರಕ್ತ ಎಷ್ಟೋ ಸಲ ಪೊರೆಯದ್ದೇ ಅಲ್ಲ. ಒದ್ದೆಯಾಗುವ ಮುಂಚೆ ಅವಸರ ಮಾಡಿದ್ದಕ್ಕೆ ಒಳಗೆ ಆದ ಗಾಯದ್ದು. ದೊಡ್ಡಮ್ಮ ಹುಡುಕಿದ್ದು ಅದನ್ನು.

ರಕ್ತ ನಿಲ್ಲದೆ ಹರಿದರೆ, ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ದರೆ, ತಲೆ ಸುತ್ತಿದರೆ ಮಾತ್ರ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮರ್ಯಾದೆಗೆ ಅಂಜಿ ಬೆಳಗಾಗುವ ತನಕ ಕಾದು, ಹೊಲಿಗೆ ಹಾಕಿಸಿಕೊಂಡು, ರಕ್ತ ಕೊಡಿಸಿಕೊಂಡು ಹೋದವರನ್ನು ನೋಡಿದ್ದೇನೆ.

ಹೊಸ ಸೊಸೆಗೆ ಇನ್ನೊಂದು ಮಾತು. ಸೈಕಲ್ ಕತೆಯನ್ನು ಹಿಡಿದುಕೊಳ್ಳಬೇಡಿ. "ಸೈಕಲ್ ಹೊಡೆದೆ, ಅದಕ್ಕೆ ರಕ್ತ ಬರಲಿಲ್ಲ" ಅಂದ ತಕ್ಷಣ ರಕ್ತ ಬರಬೇಕಿತ್ತು ಅಂತ ಒಪ್ಪಿದ ಹಾಗಾಯಿತು. ಸೈಕಲ್ಲೇ ಹತ್ತದ ನಿಮ್ಮ ನಾದಿನಿಗೆ ನಾಳೆ ರಕ್ತ ಬರದಿದ್ದರೆ ಅವಳು ಏನು ಹೇಳಬೇಕು?

ಪುಣೆಯ ಕನ್ನಡತಿ

ಬೆಡ್‌ಶೀಟ್ ಅಂದ ಕೂಡಲೇ ನನಗೆ ನಮ್ಮ ಪುಣೆಯ ಸುದ್ದಿ ನೆನಪಾಯಿತು. ಇಲ್ಲಿ ಕಂಜರ್‌ಭಾಟ್ ಸಮುದಾಯದಲ್ಲಿ ಮೊದಲ ರಾತ್ರಿ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಪಂಚರ ಮುಂದೆ ತೋರಿಸುವ ಪದ್ಧತಿ ಇತ್ತು. 2018ರ ಹೊತ್ತಿಗೆ ಅದೇ ಸಮುದಾಯದ ಹುಡುಗ ಹುಡುಗಿಯರು ಎದ್ದು ನಿಂತು, ಇದನ್ನು ನಿಲ್ಲಿಸಿ ಅಂತ ಚಳವಳಿ ಮಾಡಿದರು. ಏಟು ತಿಂದರು, ಬಹಿಷ್ಕಾರ ಅನುಭವಿಸಿದರು. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಇದನ್ನು ಲೈಂಗಿಕ ದೌರ್ಜನ್ಯದ ಒಂದು ರೂಪ ಅಂತ ಪರಿಗಣಿಸುತ್ತೇವೆ ಅಂದಿತು.

ಆಗ ಆಫೀಸಿನಲ್ಲಿ ನಾವೆಲ್ಲ "ಛೇ, ಎಂಥ ಜನ" ಅಂತ ಮಾತಾಡಿಕೊಂಡೆವು. ಈಗ ಅನಿಸುತ್ತಿದೆ, ನಮ್ಮ ಮನೆಗಳಲ್ಲಿ ಪಂಚರು ಇಲ್ಲ, ದೊಡ್ಡಮ್ಮ ಇದ್ದಾರೆ. ಬಟ್ಟೆ ನೀಲಿ ಹೂವಿನದು, ಅಷ್ಟೇ ವ್ಯತ್ಯಾಸ.

ಸುಮ್ನೆ ಓದುವವನು

ಗಂಡಸರು ಬರೆಯಬಹುದಾ? ಒಂದು ಡೌಟು. ಕನ್ಯೆ ಹೌದೋ ಅಲ್ಲವೋ ಅಂತ ಡಾಕ್ಟರು ಪರೀಕ್ಷೆ ಮಾಡಿ ಹೇಳಬಹುದು ಅಂತಾರಲ್ಲ, ಅದೂ ಸುಳ್ಳಾ?

ಹುಬ್ಬಳ್ಳಿ ಡಾಕ್ಟರಕ್ಕ

ಬರೆಯಿರಿ, ಓದಿ ಸುಮ್ಮನಾಗುವುದಕ್ಕಿಂತ ಅದೇ ಮೇಲು.

ಹೇಳಲು ಆಗಲ್ಲ. 2018ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಎರಡು ಅಂಗಗಳು ಸೇರಿ, ಈ ಪರೀಕ್ಷೆಗೆ ವಿಜ್ಞಾನದ ಆಧಾರ ಇಲ್ಲ, ಎಲ್ಲ ದೇಶಗಳೂ ನಿಲ್ಲಿಸಬೇಕು ಅಂತ ಹೇಳಿದವು. ನಮ್ಮಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗೆ ಎರಡು ಬೆರಳಿನ ಪರೀಕ್ಷೆ ಮಾಡುತ್ತಿದ್ದರಲ್ಲ, ಅದನ್ನು ಮಾಡಿದವರೇ ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿತು. ನಾನು ಓದುವಾಗ ನಮ್ಮ ಫೊರೆನ್ಸಿಕ್ ಪುಸ್ತಕದಲ್ಲಿ "ಕನ್ಯತ್ವದ ಲಕ್ಷಣಗಳು" ಅಂತ ಒಂದು ಪಾಠವೇ ಇತ್ತು. ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೇನೆ. ಅದನ್ನು ನೆನೆದರೆ ಈಗ ನಾಚಿಕೆ.

ಪಿಜಿ ರೂಮ್ 204

ನನ್ನದು ಬೇರೆ ಕತೆ. 25 ವರ್ಷ, ಬೆಂಗಳೂರು, ಮದುವೆ ಆಗಿಲ್ಲ. ಹೋದ ವರ್ಷ, ನನ್ನ ಇಷ್ಟದಿಂದಲೇ. ಬೈಯುವವರು ಬೈದು ಮುಂದೆ ಹೋಗಿ.

ನನಗೆ ಅವತ್ತು ಏನೂ ಅನಿಸಲಿಲ್ಲ. ನಿಜವಾಗಿ. ಛಾವಣಿ ಫ್ಯಾನ್ ನೋಡುತ್ತಾ "ಇಷ್ಟೇನಾ?" ಅಂದುಕೊಂಡೆ. ಇದಕ್ಕೇನಾ ಎಲ್ಲರೂ ಇಷ್ಟು ವರ್ಷ ಹೆದರಿಸಿದ್ದು? ಭಯ ಶುರುವಾಗಿದ್ದು ಆಮೇಲೆ. ಕಾಂಡೋಂ ಹರಿದಿತ್ತು. ಮೆಡಿಕಲ್ ಸ್ಟೋರ್ ಮುಂದೆ ಎರಡು ರೌಂಡ್ ಹಾಕಿ, ಯಾರೂ ಇಲ್ಲದಾಗ ಒಳಗೆ ಹೋದೆ. ಅಂಗಡಿಯವನು ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕವರಿನಲ್ಲಿ ಹಾಕಿಕೊಟ್ಟ. ಕೆಮ್ಮಿನ ಔಷಧಿಯನ್ನು ಹಾಗೆ ಸುತ್ತುತ್ತಾರಾ? ಆ ಕಪ್ಪು ಕವರಿನಿಂದಲೇ ಎಲ್ಲರಿಗೂ ಗೊತ್ತಾಗುವುದು.

ಆ ತಿಂಗಳು ಮುಟ್ಟು ಆರು ದಿನ ತಡವಾಯಿತು. ಮೂರು ಸಲ ಟೆಸ್ಟ್ ಮಾಡಿದೆ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಮುಖ ನೋಡೋಕೆ ಆಗಲಿಲ್ಲ. ಬಾಗಿಲಲ್ಲೇ ಗೊತ್ತಾಗಿಬಿಡುತ್ತೆ ಅಂದುಕೊಂಡೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ದಿಟ್ಟಿಸಿ ನೋಡಿದಳು. ಎದೆ ಡವಡವ. "ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತೇ?" ಅಂದಳು.

ಕಾವೇರಿ ದಂಡೆ

ಕೂತಲ್ಲೇ ಜೋರಾಗಿ ನಕ್ಕೆ ಕಣಮ್ಮ. ಮನೆಯವರು ಏನಾಯ್ತು ಅಂತ ಬಂದು ಕೇಳಿದರು.

ಹುಬ್ಬಳ್ಳಿ ಡಾಕ್ಟರಕ್ಕ

204ಕ್ಕೆ: ಗರ್ಭ ತಡೆಯುವ ತುರ್ತು ಮಾತ್ರೆ ತಗೊಂಡರೆ ಮುಟ್ಟು ಒಂದು ವಾರದಷ್ಟು ಹಿಂದೆ ಮುಂದೆ ಆಗುವುದು ಮಾಮೂಲು. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಮಾತ್ರೆ, 72 ಗಂಟೆ ಒಳಗೆ. ಬೇಗ ತಗೊಂಡಷ್ಟೂ ಒಳ್ಳೆಯದು, ಮೂರನೇ ದಿನಕ್ಕೆ ಕಾಯಬೇಡಿ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ಅದು ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ. ಆಗಲೇ ನಿಂತ ಗರ್ಭವನ್ನು ಏನೂ ಮಾಡಲ್ಲ. ತಿಂಗಳಿಗೆ ನಾಲ್ಕು ಸಲ ನುಂಗುವ ಮಾತ್ರೆ ಅದಲ್ಲ, ಅಷ್ಟು ಬೇಕಾದರೆ ಬೇರೆ ದಾರಿಗಳಿವೆ, ಬಂದು ಕೇಳಿ. ಕೇಳೋದಕ್ಕೆ ತಾಳಿ ತೋರಿಸಬೇಕಿಲ್ಲ.

ಎಚ್‌ಪಿವಿ ಲಸಿಕೆ ಹಾಕಿಸಿಕೊಂಡಿದ್ದೀರಾ? ಗರ್ಭಕಂಠದ ಕ್ಯಾನ್ಸರ್ ತಡೆಯುವುದು. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಚೆನ್ನ, ಆದರೆ 26ರ ತನಕವೂ ಹಾಕಿಸಿಕೊಳ್ಳಬಹುದು. ನಿಮಗೆ ಇನ್ನೂ ಒಂದು ವರ್ಷ ಇದೆ.

ಕುಡ್ಲದ ಮೀನು

ನಾನು ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿದ್ದಿಲ್ಲ. ನಿಮಗೆಲ್ಲ ಮೊದಲ ಸಲ ಆದ ಮೇಲೆ ಏನಾಯಿತು ಎಂಬ ಪ್ರಶ್ನೆ. ನಮಗೆ ಮೊದಲ ಸಲ ಆಗಲಿಕ್ಕೇ ಹದಿನಾಲ್ಕು ತಿಂಗಳು ಬೇಕಾಯಿತು.

ಪ್ರೀತಿ ಮಾಡಿಯೇ ಮದುವೆಯಾದದ್ದು. ಆಸೆ ಉಂಟು, ಎಲ್ಲ ಉಂಟು. ಆದರೆ ಆ ಹೊತ್ತು ಬಂದ ಕೂಡಲೇ ಕೆಳಗೆ ಗೋಡೆ ಕಟ್ಟಿದ ಹಾಗೆ. ತೊಡೆ ತನ್ನಷ್ಟಕ್ಕೆ ಬಿಗಿ. ನಾನು ಬೇಕೆಂದು ಮಾಡುವುದಲ್ಲ. ಕಣ್ಣಿಗೆ ಏನಾದರೂ ಬರುವಾಗ ರೆಪ್ಪೆ ಮುಚ್ಚುತ್ತದಲ್ಲ, ಹಾಗೆ. ಒಬ್ಬ ಡಾಕ್ಟರು "ರಿಲ್ಯಾಕ್ಸ್ ಆಗಿ" ಎಂದರು. ಇನ್ನೊಬ್ಬರು "ಒಂದು ಮಗು ಆದರೆ ಎಲ್ಲ ಸರಿಯಾಗ್ತದೆ" ಎಂದರು. ಮಗು ಎಲ್ಲಿಂದ ಬರುವುದು ಮಾರಾಯ್ರೆ, ಆಕಾಶದಿಂದವಾ?

ಮೂರನೆಯವರು ಹೆಸರು ಹೇಳಿದರು. ವೆಜಿನಿಸ್ಮಸ್. ಹೆಸರು ಕೇಳಿಯೇ ಅರ್ಧ ಗುಣ ಆದ ಹಾಗಾಯಿತು, ನನಗೊಬ್ಬಳಿಗೇ ಇರುವುದಲ್ಲ ಎಂದು. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಎಂದು ಉಂಟು, ಕೆಳಗಿನ ಸ್ನಾಯು ಸಡಿಲ ಬಿಡಲಿಕ್ಕೆ ಕಲಿಸುವುದು. ಮೊದಲು ಬರೀ ಉಸಿರಾಟ. ಆಮೇಲೆ ಸಣ್ಣ ಗಾತ್ರದ ಡೈಲೇಟರ್, ಅಂದರೆ ಒಳಗೆ ಇಡುವ ನುಣುಪಾದ ಕಡ್ಡಿಯ ಹಾಗಿನದ್ದು, ಸ್ವಲ್ಪ ಸ್ವಲ್ಪವೇ ದೊಡ್ಡದು. ಮನೆಯಲ್ಲಿ ನಾನೇ, ನನ್ನ ಕೈಯಲ್ಲೇ, ಬಾಗಿಲು ಹಾಕಿಕೊಂಡು. ಐದು ತಿಂಗಳು. ಇವರು ಹೊರಗೆ ಕ್ರಿಕೆಟ್ ಹಾಕಿ ಟಿವಿ ಸೌಂಡ್ ಜೋರು ಮಾಡುತ್ತಿದ್ದರು, ಮನೆಯಲ್ಲಿ ಬೇರೆಯವರಿಗೆ ಏನೂ ಗೊತ್ತಾಗಬಾರದೆಂದು.

ಆದ ದಿನ ನಾನು ಅತ್ತುಬಿಟ್ಟೆ. ಹೊಸ ಸೊಸೆ ಬರೆದ ಅಳು ಅಲ್ಲ ಅದು. ಪರೀಕ್ಷೆ ಪಾಸಾದ ಅಳು.

ಹೊಸ ಸೊಸೆ

ನಿಮ್ಮದನ್ನು ಓದಿ ನನಗೂ ಕಣ್ಣಲ್ಲಿ ನೀರು ಬಂತು. ಕೇಳಬಹುದಾ, ನೋವಿಗೆ ಏನು ಹಚ್ಚಬೇಕು? ಕೊಬ್ಬರಿ ಎಣ್ಣೆ ಅಂತ ಯಾರೋ ಹೇಳಿದರು.

ಕುಡ್ಲದ ಮೀನು

ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆಯೇ ಅಲ್ವಾ. ಆದರೆ ಕಾಂಡೋಂ ಹಾಕುವವರಾದರೆ ಬೇಡ. ಎಣ್ಣೆ ತಾಗಿದರೆ ಲೇಟೆಕ್ಸ್ ಮೆದುವಾಗಿ ಹರಿಯುತ್ತದೆ. ನನ್ನ ಫಿಸಿಯೋ ಮೊದಲ ದಿನವೇ ಹೇಳಿದ್ದು. ನೀರಿನ ಬೇಸಿನ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ. 204, ನಿಮ್ಮ ಕಾಂಡೋಂ ಹರಿದದ್ದು ಹಾಗೆಯಾ?

ಪಿಜಿ ರೂಮ್ 204

...ಬೇಬಿ ಆಯಿಲ್. ಇವತ್ತು ಗೊತ್ತಾಯಿತು.

ಹುಬ್ಬಳ್ಳಿ ಡಾಕ್ಟರಕ್ಕ

ಜೆಲ್ ಆಮೇಲೆ. ಮೊದಲು ಟೈಮ್ ಕೊಡಿ. ಹೊಸದರಲ್ಲಿ ಬರುವ ನೋವಿಗೆ ಅರ್ಧ ಕಾರಣ ಭಯ, ಅರ್ಧ ಅವಸರ. ಭಯ ಇದ್ದಾಗ ಸ್ನಾಯು ಬಿಗಿಯುತ್ತದೆ, ಒದ್ದೆಯಾಗಲ್ಲ. ಸ್ವಲ್ಪ ಉರಿ, ತೊಡೆ ಸಂದು ನೋವು, ಕಿಬ್ಬೊಟ್ಟೆ ಹಿಡಿದ ಹಾಗೆ ಆಗುವುದು ಒಂದೆರಡು ದಿನ ಇರಬಹುದು. ಪ್ರತಿ ಸಲವೂ, ವಾರಗಳ ನಂತರವೂ ನೋವಿದ್ದರೆ "ರೂಢಿಯಾಗುತ್ತೆ" ಅಂತ ಹಲ್ಲು ಕಚ್ಚಬೇಡಿ, ತೋರಿಸಿ.

ಬಿಳಿ ಹೋಗುವುದು ಹೆಚ್ಚಾಯಿತು ಅಂತಲೂ ಬಹಳ ಜನ ಬರುತ್ತಾರೆ. ಯೋನಿಯ ಒಳಗು ಹುಳಿ ಇರುತ್ತದೆ, ವೀರ್ಯ ಕ್ಷಾರ. ಹಾಗಾಗಿ ಒಂದು ದಿನ ವಾಸನೆ, ತೇವ ಬೇರೆ ಥರ ಇರುತ್ತದೆ. ಮೊಸರು ಒಡೆದ ಹಾಗೆ ಬಂದು ತುರಿಸಿದರೆ, ಹಸಿರು ಬಣ್ಣ ಇದ್ದರೆ, ಮೀನಿನ ವಾಸನೆ ಬಂದರೆ ಮಾತ್ರ ಔಷಧಿ. ದಯವಿಟ್ಟು ಒಳಗೆಲ್ಲ ಸೋಪು, ಘಮಘಮ ಲಿಕ್ವಿಡ್ ಹಾಕಿ ತೊಳೆಯಬೇಡಿ. ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಸೋಂಕು ಇನ್ನೂ ಜಾಸ್ತಿಯಾಗುತ್ತದೆ.

ಅಳುವಿನ ವಿಷಯ. ಸುಖವಾಗಿದ್ದರೂ ಆಮೇಲೆ ಅಳು, ಕಸಿವಿಸಿ ಬರುವುದಕ್ಕೆ ಪೋಸ್ಟ್ ಕಾಯ್ಟಲ್ ಡಿಸ್ಫೋರಿಯಾ ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 230 ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರನ್ನು ಕೇಳಿದ ಒಂದು ಅಧ್ಯಯನ 2015ರಲ್ಲಿ ಬಂತು. ನೂರಕ್ಕೆ 46 ಮಂದಿ ಒಂದು ಸಲವಾದರೂ ಹೀಗಾಗಿದೆ ಅಂದಿದ್ದರು. ಮೈ ಒಮ್ಮೆಗೇ ಏರಿ ಇಳಿಯುತ್ತದಲ್ಲ, ಅದೂ ಒಂದು ಕಾರಣ ಇರಬಹುದು. ಗಂಡನಿಗೆ ಹೇಳಿಬಿಡಿ. ಹೇಳದಿದ್ದರೆ ಅವನು ತನ್ನಿಂದಲೇ ಏನೋ ತಪ್ಪಾಯಿತು ಅಂದುಕೊಳ್ಳುತ್ತಾನೆ.

ಕಾವೇರಿ ದಂಡೆ

ಡಾಕ್ಟರ್ ಹೇಳಿದ್ದು ಸರಿಯೇ. ಆದರೆ ಎಲ್ಲ ಅಳುವಿಗೂ ಹಾರ್ಮೋನಿನ ಹೆಸರು ಬೇಡ. ನಾನು ಮದುವೆಯಾದ ಮೊದಲ ತಿಂಗಳು ರಾತ್ರಿ ಅತ್ತದ್ದು ನಮ್ಮ ಮನೆಯ ತುಳಸಿಕಟ್ಟೆ ನೆನೆದು. ಹಗಲೆಲ್ಲ ಹೊಸ ಮನೆಯವರ ಮುಂದೆ ನಗುತ್ತಾ ಓಡಾಡುತ್ತೇವೆ. ರಾತ್ರಿ ಒಬ್ಬರ ತೋಳಿನಲ್ಲಿ ಮೈ ಸಡಿಲವಾದಾಗ ಹಗಲಿಡೀ ಹಿಡಿದಿಟ್ಟದ್ದು ಹೊರಗೆ ಬರುತ್ತದೆ. ಅದು ಸಂಭೋಗದ ಅಳು ಅಲ್ಲ, ತವರಿನ ಅಳು. ಹೊಸ ಸೊಸೆ, ಒಂದು ನಾಲ್ಕು ದಿನ ಅಮ್ಮನ ಮನೆಗೆ ಹೋಗಿ ಬಾ. ಶಿವಮೊಗ್ಗದಿಂದ ದಾವಣಗೆರೆ ಎಷ್ಟು ದೂರ ಮಹಾ.

ಹೆಸರು ಬೇಡ

ಇಷ್ಟು ಹೊತ್ತು ಓದಿದೆ. ಒಂದು ಮಾತು ಬರೆದು ಹೋಗುತ್ತೇನೆ. ನನ್ನ ಮೊದಲ ಸಲ ನನಗೆ ಬೇಕಿರಲಿಲ್ಲ. ಬೇಡ ಅಂದಿದ್ದೆ. ಎರಡು ಸಲ. ಗಂಡ ತಾನೇ ಅಂತ ಯಾರೂ ಅದನ್ನು ಏನೂ ಅಂತ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಈಗ ಎಂಟು ವರ್ಷ. ಬಾಗಿಲ ಚಿಲಕ ಹಾಕುವ ಶಬ್ದ ಕೇಳಿದರೆ ಈಗಲೂ ಹೊಟ್ಟೆ ತೊಳಸುತ್ತದೆ. ನನಗೆ ಆದ ಬದಲಾವಣೆ ಇದೊಂದೇ.

ನಿರ್ವಾಹಕಿ

ಹೆಸರು ಬೇಡ ಅವರೇ, ಬರೆದಿದ್ದಕ್ಕೆ ಥ್ಯಾಂಕ್ಸ್. ಏನೂ ಅಂತ ಕರೆಯಲಿಲ್ಲ ಅಂದಿರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ, ಮಾಡಿದವನು ಗಂಡನಾದರೂ ಸರಿ. ಮಹಿಳಾ ಸಹಾಯವಾಣಿ 181. ಕೇಸು ಗೀಸು ಬೇಡ, ಬರೀ ಮಾತಾಡಬೇಕು ಅನಿಸಿದರೆ ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. 2022ರಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನನ್ನ ಇನ್‌ಬಾಕ್ಸ್ ಕೂಡ ತೆರೆದಿದೆ.

ಇವರ ಬರಹದ ಕೆಳಗೆ ಸತ್ಯವಾದಿ ಅವರು ಹಾಕಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ. ಮೂರನೆಯದು ಬಂದರೆ ಖಾತೆಯನ್ನೇ ತೆಗೆಯುತ್ತೇನೆ.

ಸುಮ್ನೆ ಓದುವವನು

ನನಗೆ ಮದುವೆ ಫೆಬ್ರವರಿಯಲ್ಲಿ. ನಾಲ್ಕು ಜನ ಗೆಳೆಯರು ನಾಲ್ಕು ಥರ ಸಲಹೆ ಕೊಟ್ಟಿದ್ದಾರೆ. ಒಬ್ಬನೂ "ಅವಳನ್ನು ಕೇಳು" ಅಂತ ಹೇಳಿಲ್ಲ. ಈ ಲಿಂಕನ್ನು ಅವಳಿಗೆ ಕಳಿಸಿದೆ. "ಓದಿದೆ, ಆ ರಾತ್ರಿ ಬರೀ ಮಲಗೋಣ, ನನಗೆ ಆಗಲೇ ಸುಸ್ತಾಗಿರುತ್ತೆ" ಅಂತ ಮೆಸೇಜ್ ಬಂತು. ನನಗೂ ಎದೆ ಹಗುರ ಆಯಿತು, ಸತ್ಯವಾಗಿ.

ಹೊಸ ಸೊಸೆ

ಒಂದು ವಾರದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ಕಾವೇರಿಯಮ್ಮ ಹೇಳಿದ ಹಾಗೆ ಅಮ್ಮನ ಮನೆಗೆ ಹೋಗಿದ್ದೆ.

ಮೂತ್ರದಲ್ಲಿ ಸೋಂಕು ಇತ್ತು. ಐದು ದಿನದ ಮಾತ್ರೆ ಕೊಟ್ಟರು, ಪೂರ್ತಿ ಮುಗಿಸಿದೆ ಡಾಕ್ಟರಕ್ಕ. ಮುಟ್ಟು 36ನೇ ದಿನಕ್ಕೆ ಬಂತು. ನಿಮ್ಮ ಲೆಕ್ಕಕ್ಕಿಂತ ಒಂದೇ ದಿನ ತಡ.

ಇವರಿಗೆ ಇದನ್ನೆಲ್ಲ ಓದೋಕೆ ಕೊಟ್ಟೆ. ಫೋನ್ ಹಿಡಿದುಕೊಂಡು ಮಹಡಿಗೆ ಹೋದರು. ಅರ್ಧ ಗಂಟೆ ಆದರೂ ಕೆಳಗೆ ಬರಲಿಲ್ಲ. ಕೋಪ ಬಂತೇನೋ ಅಂತ ಹೋಗಿ ನೋಡಿದರೆ ನೀರಿನ ಟ್ಯಾಂಕಿನ ಪಕ್ಕ ಕೂತಿದ್ದರು. "ಸೈಕಲ್ ವಿಷಯ ದೊಡ್ಡಮ್ಮ ಕೇಳಿಸಿದ್ದಲ್ಲ, ನಾನೇ ಕೇಳಿದ್ದು" ಅಂದರು. "ಗೊತ್ತು" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಅವರು, "ಆ ಕೆಂಪು ಸೈಕಲ್ ಈಗ ಎಲ್ಲಿದೆ?" ಅಂತ ಕೇಳಿದರು. ಗುಜರಿಗೆ ಹಾಕಿ ಎಷ್ಟೋ ವರ್ಷ ಆಯಿತು ಅಂದೆ. ನಗು ಬಂತು ಇಬ್ಬರಿಗೂ.

ನಿನ್ನೆ ದೊಡ್ಡಮ್ಮ ಬಂದಿದ್ದರು. ಬೆಡ್‌ಶೀಟ್ ಕೇಳಲಿಲ್ಲ. ಸೋಫಾ ಮೇಲೆ ಕೂತು, ನನ್ನ ಹೊಟ್ಟೆಯನ್ನೇ ನೋಡುತ್ತಾ, "ಏನಮ್ಮ, ಏನಾದ್ರೂ ವಿಶೇಷ ಇದೆಯಾ?" ಅಂದರು.

ಕುಡ್ಲದ ಮೀನು

ಶುರುವಾಯಿತಲ್ಲ ಎರಡನೇ ಭಾಗ! ನೀವು ಎಂತ ಹೇಳಿದ್ದು?

ಹೊಸ ಸೊಸೆ

"ಇದೆ ದೊಡ್ಡಮ್ಮ, ರಾತ್ರಿಗೆ ಅಕ್ಕಿ ರೊಟ್ಟಿ, ಎಣ್ಣೆಗಾಯಿ. ಊಟ ಮಾಡಿಕೊಂಡೇ ಹೋಗಿ" ಅಂದೆ. ನಾಲ್ಕು ರೊಟ್ಟಿ ತಿಂದರು.